ವ್ಯಕ್ತಿಯ ರಕ್ಷಣೆ ಮತ್ತು ಸಮಾಜ: ಪಂಡಿತಾ ರಮಾಬಾಯಿ



ನಿಪ್ಪಾಣಿ ದಾಟಿ ಕೊಗನೊಳ್ಳಿಯ ನಾಕೆಗೆ ಬಂದರೆ ಕರ್ನಾಟಕದ ಗಡಿ ಮುಗಿಯುತ್ತದೆ. ಹೆದ್ದಾರಿ ಮಾತ್ರ ಕಾಗಲ, ಕೊಲ್ಹಾಪುರ, ಸಾತಾರಾಗಳ ಕಡೆಯಿಂದ ಪುಣೆಯತ್ತ ಸಾಗುತ್ತದೆ. ಕನ್ನಡ ನಾಡಿನ ಘಟ್ಟದಲ್ಲಿ ಹುಟ್ಟಿ, ಆ ಪುಣೆಯ ಸೀಮೆಯಲ್ಲಿ ಬದುಕು ಸವೆಸಿದ ಒಬ್ಬ ಹೆಣ್ಣುಮಗಳ ಮೂಲಕ ಇಂದಿನ ವಿಷಯವನ್ನು ನೋಡೋಣ.

ಕ್ರೈಸ್ತರು 'ರಕ್ಷಣೆ' ಎಂಬ ಮಾತನ್ನು ವಿಶೇಷ ಅರ್ಥದಲ್ಲಿ ಬಳಸುತ್ತಾರೆ. ನಮ್ಮ ನೆರೆಯ ಮರಾಠಿಗರು ಅದನ್ನು 'ತಾರಣ' ಎನ್ನುತ್ತಾರೆ. ಮನುಷ್ಯ ತನ್ನ ಪಾಪವನ್ನು ತಾನೇ ಒಪ್ಪಿಕೊಂಡು, ಕ್ರಿಸ್ತನ ಮೂಲಕ ದೊರೆಯುವ ಕ್ಷಮೆಯನ್ನು ನಂಬಿ ಹೊಸ ಬಾಳಿಗೆ ತಿರುಗಬೇಕು; ಕುಲ, ಧನ, ಪಾಂಡಿತ್ಯ ಯಾವುದೂ ಅಲ್ಲಿ ನೆರವಿಗೆ ಬರುವುದಿಲ್ಲ ಎಂಬುದು ಅದರ ತಿರುಳು. ಹಾಗಾದರೆ ಇದು ಒಬ್ಬೊಬ್ಬರ ಅಂತರಂಗದ ಮಾತಾಯಿತು. ಇದರಿಂದ ಸಮಾಜಕ್ಕೇನಾಯಿತು? ಈ ಪ್ರಶ್ನೆ ನ್ಯಾಯವಾದದ್ದೇ.

ರಮಾಬಾಯಿ 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು. ಕುಟುಂಬವು ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣ ತಂಗಿ ನಡೆದೇ ದೇಶ ಸುತ್ತಿ 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಈ ತರುಣಿಗೆ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣ ತೀರಿಕೊಂಡ 1880ರಲ್ಲಿಯೇ ಜಾತಿಯ ಕಟ್ಟು ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. ಎರಡೇ ವರ್ಷಗಳಲ್ಲಿ ಪತಿಯೂ ಇಲ್ಲವಾಗಿ, ಕೈಯಲ್ಲಿ ಎಳೆಯ ಮಗಳು ಮನೋರಮಾ ಉಳಿದಳು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಮನಸ್ಸನ್ನು ಅಲುಗಿಸಿದ್ದು ಉಪದೇಶವಲ್ಲ, ಲಂಡನ್ನಿನ ಒಂದು ಆಶ್ರಯಮನೆ. ಸಮಾಜ 'ಕೆಟ್ಟವರು' ಎಂದು ದೂಡಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಲ್ಲಿ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಇವರ ಮೇಲೆ ಇಷ್ಟು ಕರುಣೆ ಏಕೆಂದು ರಮಾಬಾಯಿ ಕೇಳಿದಾಗ, ಬಾವಿಯ ಬಳಿ ಯೇಸು ಮಾತನಾಡಿಸಿದ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ಹೇಳಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಆದರೆ ಪುರೋಹಿತರ ನೊಗವನ್ನು ಇಳಿಸಿ ಬಂದವರು ಪಾದ್ರಿಗಳ ನೊಗಕ್ಕೆ ಹೆಗಲು ಕೊಡಲಿಲ್ಲ. ಮತತತ್ತ್ವಗಳ ಬಗ್ಗೆ ತಮಗೆ ಆಸರೆ ಕೊಟ್ಟವರೊಡನೆಯೇ ವಾದಿಸಿದರು. ಮುಂದೆ ಸುಮಾರು ಎಂಟು ವರ್ಷಗಳಾದ ಮೇಲೆ, ತಮಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರಿವು ಅವರಿಗಾಯಿತು. ತಮ್ಮ ಆತ್ಮನಿವೇದನೆಯಲ್ಲಿ ಅದನ್ನು ಅವರೇ ಬರೆದಿದ್ದಾರೆ.

ಈ ನಡುವೆ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ 'ಶಾರದಾ ಸದನ' ತೆರೆದಿದ್ದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಕಲಿತ ಗೋದೂಬಾಯಿ ಎಂಬ ವಿಧವೆಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದರು. ಮುಂದೆ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ ಕರ್ವೆಯವರೇ ಇವರು.

ಅದೇ ವರ್ಷ ದೊಡ್ಡ ಗದ್ದಲವೂ ಎದ್ದಿತು. ಸದನದಲ್ಲಿ ಮತಪ್ರಚಾರವಿಲ್ಲ ಎಂಬ ಮಾತಿನ ಮೇಲೆ ಹಿರಿಯರು ಬೆಂಬಲ ಕೊಟ್ಟಿದ್ದರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂಡುತ್ತಿದ್ದರು. ತಿಲಕರ 'ಕೇಸರಿ' ಕಟುವಾಗಿ ಟೀಕಿಸಿತು. ರಾನಡೆ, ಭಾಂಡಾರಕರ ಅವರಂಥ ಸುಧಾರಕರೂ ಸಲಹಾ ಮಂಡಳಿ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಕರೆದೊಯ್ದರು. ನೀವೇ ವಿಚಾರ ಮಾಡಿ. ಅನ್ನ, ಆಸರೆ ಕೊಡುವವರ ನಂಬಿಕೆಯ ಪ್ರಭಾವ ಅನಾಥ ಹುಡುಗಿಯ ಮೇಲೆ ಬೀಳದೆ ಇದ್ದೀತೇ? ವಿರೋಧಿಗಳ ಈ ಆತಂಕವನ್ನು ತಳ್ಳಿಹಾಕಲಾಗದು. ಆದರೆ ತನ್ನ ಕೋಣೆಯಲ್ಲಿ ತನ್ನ ದೇವರನ್ನು ಪ್ರಾರ್ಥಿಸುವ ಹಕ್ಕು ಅವರಿಗಿರಲಿಲ್ಲವೇ? ಕರೆದೊಯ್ದ ವಿಧವೆಯರಿಗೆ ಮನೆಯಲ್ಲಿ ಕಾದಿದ್ದುದೇನು ಎಂಬುದನ್ನು ಆ ದಿನಗಳ ಗದ್ದಲದಲ್ಲಿ ಕೇಳಿದವರು ಕಡಿಮೆ ಎಂದು ನನಗೆ ತೋರುತ್ತದೆ.

1896-97ರ ಬರ ಬಂದಾಗ ರಮಾಬಾಯಿ ಸುಮ್ಮನಿರಲಿಲ್ಲ. ಹಸಿವು ಏನೆಂಬುದನ್ನು ಅವರು ಕಂಡುಂಡವರು. ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆ-ಸೊಲ್ಲಾಪುರ ರೈಲುದಾರಿಯ ಕೇಡಗಾಂವದಲ್ಲಿ ಇಟ್ಟರು. ಆ ನೆಲೆಯ ಹೆಸರೇ 'ಮುಕ್ತಿ'. ಇಲ್ಲಿ ಮುಚ್ಚುಮರೆ ಇರಲಿಲ್ಲ, ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಪ್ರಾರ್ಥನೆಯ ಜೊತೆಗೆ ನೇಯ್ಗೆ, ಹೊಲಿಗೆ, ಹೈನ, ಒಕ್ಕಲುತನ, ಅಚ್ಚಿನ ಕೆಲಸಗಳಿದ್ದವು. ಕುರುಡರಿಗೆ ಬ್ರೈಲ್ ಲಿಪಿ ಕಲಿಸಿದರು. ಕಲಬುರ್ಗಿಯಲ್ಲಿಯೂ ಅವರ ಶಾಲೆಯೊಂದು ನಡೆಯಿತು.

ಒಳಗಿನ ನಂಬಿಕೆ ಹೊರಗೆ ಸಂಸ್ಥೆಯ ರೂಪ ತಾಳಿದ್ದಕ್ಕೆ ಬೇರೆ ಉದಾಹರಣೆಗಳೂ ಇವೆ. ಮಂಗಳೂರಿನಲ್ಲಿ ಕ್ರೈಸ್ತರಾದವರು ಜಾತಿಯೊಡನೆ ಕಸುಬನ್ನೂ ಕಳೆದುಕೊಂಡಾಗ ಬಾಸೆಲ್ ಮಿಷನ್ ನೇಯ್ಗೆಯ ಶಾಲೆಗಳನ್ನು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ನಮ್ಮ ಕಾಗವಾಡದ ಪಕ್ಕದಲ್ಲೇ ಮಿರಜಿನ ಮಿಷನ್ ದವಾಖಾನೆಯಿದೆ. ಡಾಕ್ಟರ್ ವಾನ್ಲೆಸ್ 1894ರಲ್ಲಿ ಅದನ್ನು ತೆರೆದರು. ಅಥಣಿ, ರಾಯಬಾಗ ಕಡೆಯ ಹಿರಿಯರನ್ನು ಕೇಳಿದರೆ ಅದರ ಕಥೆ ಅವರೇ ಹೇಳುತ್ತಾರೆ.

ರಮಾಬಾಯಿಯವರ ಕೊನೆಯ ಕೆಲಸ ಬೈಬಲ್ಲಿನ ಮರಾಠಿ ಅನುವಾದ. ಹಳ್ಳಿಯ ಹೆಂಗಸರಿಗೂ ತಿಳಿಯಲೆಂದು ಹೀಬ್ರೂ, ಗ್ರೀಕ್ ಮೂಲಗಳನ್ನು ಕಲಿತು ಸರಳ ಮಾತಿನಲ್ಲಿ ಬರೆದರು. ಮುಕ್ತಿಯ ಹೆಂಗಸರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಳ್ಳುವುದಕ್ಕೆ ಸ್ವಲ್ಪವೇ ಮುಂಚೆ ಆ ಕೆಲಸ ಮುಗಿದಿತ್ತು.