ಉಳಿಗೆ ಸಾಣೆ

ಕನ್ನಡದಲ್ಲಿ 'ಕಂಡರಿಸು' ಎಂಬ ಹಳೆಯ ಮಾತೊಂದಿದೆ. ಕಲ್ಲಿನ ಮೇಲೆ, ಲೋಹದ ಮೇಲೆ ಅಕ್ಷರವನ್ನೋ ಚಿತ್ರವನ್ನೋ ಕೊರೆದು ಮೂಡಿಸುವುದಕ್ಕೆ ನಮ್ಮ ಶಾಸನಗಳು ಬಳಸಿರುವ ಮಾತು ಅದು. ಶಾಸನದ ಕೊನೆಯಲ್ಲಿ ಬರೆದವನ ಹೆಸರಿನೊಡನೆ ಕಂಡರಿಸಿದವನ ಹೆಸರೂ ಬರುವುದುಂಟು. ಗಂಗರ ತಾಮ್ರಪಟಗಳಲ್ಲಿ 'ವಿಶ್ವಕರ್ಮಾಚಾರ್ಯ' ಎಂಬ ಹೆಸರನ್ನು ಮತ್ತೆ ಮತ್ತೆ ಕಾಣುತ್ತೇವೆ. ಆದರೆ ಆ ಆಚಾರ್ಯನ ಉಳಿ ಎಷ್ಟು ಅಕ್ಷರಗಳಿಗೊಮ್ಮೆ ಮೊಂಡಾಗುತ್ತಿತ್ತು, ಅದಕ್ಕೆ ಯಾವ ಕಲ್ಲಿನ ಮೇಲೆ ಸಾಣೆ ಹಿಡಿಯುತ್ತಿದ್ದರು ಎಂಬುದನ್ನು ಯಾರೂ ಬರೆದಿಡುವ ಗೋಜಿಗೆ ಹೋದಂತಿಲ್ಲ. ಕೆಲಸವನ್ನು ಕುರಿತು ಹೇಳುವಾಗ ಕೆಲಸದ ಸಿದ್ಧತೆಯನ್ನು ಬಿಟ್ಟುಬಿಡುವುದು ಲೋಕರೂಢಿ. ಹೀಗೆ ಹೇಳದೆ ಉಳಿದ ಆ ಅರ್ಧವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಅಪೇಕ್ಷೆ.

ನನ್ನ ತಂದೆಯವರು ತೀರ್ಥಹಳ್ಳಿಯಲ್ಲಿ ಅಕ್ಕಸಾಲಿಗಳಾಗಿದ್ದರು. ಮಕ್ಕಳಾದ ನಾವು ಅವರನ್ನು ಅಪ್ಪಯ್ಯ ಎಂದು ಕರೆಯುತ್ತಿದ್ದೆವು. ಅಡಿಗಲ್ಲು, ಅಗ್ಗಿಷ್ಟಿಕೆ, ಊದುಗೊಳವೆ, ಚಿಮಟಗಳ ನಡುವೆ ಅವರ ಬಲಗೈಗೆ ಸಿಗುವಂತೆ ಒಂದು ಹಲಸಿನ ಮರದ ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಹದಿನಾಲ್ಕು ಉಳಿಗಳು. ಬೆಳ್ಳಿಯ ತಟ್ಟೆ, ಲೋಟ, ಕುಂಕುಮದ ಭರಣಿಗಳ ಮೇಲೆ ಹೆಸರನ್ನೂ ಹೂಬಳ್ಳಿಯನ್ನೂ ಅವರು ಕೆತ್ತುತ್ತಿದ್ದುದು ಇವುಗಳಿಂದಲೇ. ಪಾತ್ರೆಯ ಅಂಗಡಿಗಳಲ್ಲಿ ಗುರ್ರೆಂದು ನಡುಗುವ ವಿದ್ಯುತ್ ಸೂಜಿಯಿಂದ ಹೆಸರು ಹಾಕಿಸುವುದನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಆ ಸೂಜಿ ಲೋಹವನ್ನು ಚುಚ್ಚುತ್ತ ಹೋಗುತ್ತದೆ. ಕೈಕೆತ್ತನೆಯ ಉಳಿ ಚುಚ್ಚುವುದಿಲ್ಲ, ಉಳುತ್ತದೆ. ಎರಡು-ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿ, ಹಿಂದೆ ಅಂಗೈಯಲ್ಲಿ ಕೂರುವಂಥ ಅಣಬೆಯಾಕಾರದ ಮರದ ಹಿಡಿ. ಅಂಗೈ ಅದನ್ನು ಮುಂದಕ್ಕೆ ದೂಡುತ್ತದೆ, ಹೆಬ್ಬೆರಳು ಲೋಹದ ಮೇಲೆ ಊರಿಕೊಂಡು ದಾರಿ ತೋರಿಸುತ್ತದೆ. ನೇಗಿಲ ಮುಂದೆ ಮಣ್ಣು ಮಗುಚುವಂತೆ ಮೊನೆಯ ಮುಂದೆ ಬೆಳ್ಳಿಯ ಸಣ್ಣ ಸುರುಳಿ ಏಳುತ್ತದೆ. ಹಿಂದೆ ಹೊಳೆಯುವ ಗೆರೆ ಉಳಿಯುತ್ತದೆ.

ಈ ಮೊನೆಯ ರಚನೆಯನ್ನು ಸ್ವಲ್ಪ ವಿವರಿಸಬೇಕು. ಅದಿಲ್ಲದೆ ಮುಂದಿನ ಮಾತು ತಿಳಿಯದು. ಉಳಿಯ ತುದಿಯನ್ನು ಓರೆಯಾಗಿ ಕತ್ತರಿಸಿದ ಮುಖವೊಂದಿರುತ್ತದೆ. ಸಾಮಾನ್ಯವಾಗಿ ಅದರ ಓರೆ 45 ಡಿಗ್ರಿ. ಗಟ್ಟಿಯಾದ ಉಕ್ಕನ್ನು ಕೆತ್ತುವವರು 50ಕ್ಕೆ, ಅದಕ್ಕಿಂತ ಮೇಲಕ್ಕೆ ಹೋಗುವುದೂ ಉಂಟು. ಉಳಿಯ ಹೊಟ್ಟೆಯ ಎರಡು ಬದಿಗಳು ಕೂಡಿ ಮಾಡುವ ಕೋನ ಗೆರೆಯ ಅಗಲವನ್ನು ನಿರ್ಧರಿಸುತ್ತದೆ: 90 ಡಿಗ್ರಿಯಾದರೆ ಕಿರಿದಾದ ಆಳದ ಗೆರೆ, 120 ಆದರೆ ಹರವಾದ ಗೆರೆ. ಇವೆರಡನ್ನೂ ಕಣ್ಣು ಗುರುತಿಸೀತು. ಆದರೆ ಮೊನೆಯ ತಳಭಾಗದಲ್ಲಿ ಇನ್ನೆರಡು ಅತಿ ಸಣ್ಣ ಮುಖಗಳಿವೆ. ನಾವು ಅದನ್ನು ಹಿಮ್ಮಡಿ ಎನ್ನೋಣ. 15ರಿಂದ 20 ಡಿಗ್ರಿಯಷ್ಟು ಮೇಲಕ್ಕೆತ್ತಿ ತೆಗೆದ ಈ ಹಿಮ್ಮಡಿಯ ಉದ್ದ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದು ಇಲ್ಲದಿದ್ದರೆ ಉಳಿ ಲೋಹದೊಳಕ್ಕೆ ಮುಳುಗುತ್ತದೆ, ಮೇಲೇಳದು. ಉದ್ದವಾದರೆ ಬಳ್ಳಿಯ ತಿರುವಿನಲ್ಲಿ ಗೆರೆಯ ಹೊರ ಅಂಚನ್ನು ಉಜ್ಜಿ ಒರಟು ಮಾಡುತ್ತದೆ. ಎರಡು ಬದಿ ಸಮನಾಗಿರದಿದ್ದರೆ ಗೆರೆ ಒಂದು ಕಡೆಗೆ ವಾಲುತ್ತದೆ. ಹಿಮ್ಮಡಿ ಕನ್ನಡಿಯಂತೆ ನುಣುಪಾಗಿದ್ದರೆ ಗೆರೆಯ ಒಳಗೋಡೆಯೂ ಕನ್ನಡಿಯಂತೆ ಹೊಳೆಯುತ್ತದೆ. 18ನೆಯ ಶತಮಾನದ ಕೊನೆಯ ಇಂಗ್ಲೆಂಡಿನ ಬೆಳ್ಳಿ ಸಾಮಾನುಗಳ ಮಿನುಗುಗೆತ್ತನೆಯ ಗುಟ್ಟು ಇಷ್ಟೇ: ಉಳಿಗೆ ಹಿಡಿದ ಸಾಣೆಯ ನುಣುಪು ಬೆಳ್ಳಿಗೆ ಇಳಿದಿದೆ.

ಮೊಂಡಾದ ಉಳಿ ಕೆಲಸ ಮಾಡದೆ ಸುಮ್ಮನಿರುತ್ತದೆ ಎಂದು ತಿಳಿಯಬಾರದು. ಅದು ಅಪಾಯಕಾರಿ. ಹರಿತವಾದ ಉಳಿ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಮೊಂಡು ಉಳಿ ಕಚ್ಚದೆ ಜಾರುತ್ತದೆ, ಕಚ್ಚಲೆಂದು ಹೆಚ್ಚು ಒತ್ತಿದಷ್ಟೂ ಹೆಚ್ಚು ದೂರ ಜಾರುತ್ತದೆ. 1967ರಲ್ಲಿ, ನನಗೆ ಹದಿನಾರು ವರ್ಷ, ಮದುವೆಯ ಆರತಿ ತಟ್ಟೆಯೊಂದಕ್ಕೆ ಹೆಸರು ಕೆತ್ತುವ ಕೆಲಸವನ್ನು ಅಪ್ಪಯ್ಯ ಮೊದಲ ಬಾರಿಗೆ ನನಗೆ ಒಪ್ಪಿಸಿದರು. ನಾಲ್ಕು ಅಕ್ಷರವಾದ ಮೇಲೆ ಉಳಿ ಭಾರವಾಯಿತೆಂದು ಕೈಗೆ ತಿಳಿದಿತ್ತು. ಎದ್ದು ಸಾಣೆಕಲ್ಲಿನ ಬಳಿ ಹೋಗಲು ಬೇಸರ. ಐದನೆಯ ಅಕ್ಷರದ ಕೊಂಬಿನಲ್ಲಿ ಉಳಿ ಜಾರಿ ತಟ್ಟೆಯ ಅಂಚಿನವರೆಗೂ ಗೀರೆಳೆದು, ಅಲ್ಲಿಗೂ ನಿಲ್ಲದೆ ನನ್ನ ಎಡಗೈಯ ಹೆಬ್ಬೆರಳನ್ನು ಸೀಳಿತು. ಅಪ್ಪಯ್ಯ ಗಾಯಕ್ಕೆ ಬಟ್ಟೆ ಸುತ್ತಿ, "ಉಳಿ ಜಾರಿದ್ದಲ್ಲ ಮಗ, ನೀನು ಸಾಣೆಗೆ ಬೇಜಾರು ಮಾಡಿಕೊಂಡದ್ದು" ಎಂದರು. ತಟ್ಟೆಯನ್ನು ಅವರೇ ಮತ್ತೆ ಅರೆದು, ಗೀರಿದ್ದ ಕಡೆ ಯಾರೂ ಕೇಳದ ಬಳ್ಳಿಯೊಂದನ್ನು ಕೆತ್ತಿ ಕೊಟ್ಟರು. ಗಿರಾಕಿಗಳಿಗೆ ಅದು ಬಹಳ ಹಿಡಿಸಿತು. ನನಗೆ ಮಾತ್ರ ಆ ಬಳ್ಳಿಯನ್ನು ನೋಡಲಾಗಲಿಲ್ಲ.

ಸಾಣೆ ಎಂದರೆ ಆಗ ಕಲ್ಲು, ಎಣ್ಣೆ ಮತ್ತು ಮಣಿಕಟ್ಟು. ಉಳಿಯ ತುದಿಯನ್ನು ಬೆರಳುಗಳಲ್ಲಿ ಬಿಗಿಹಿಡಿದು, ಮುಖವನ್ನು ಕಲ್ಲಿಗೆ ಸಮನಾಗಿ ಕೂರಿಸಿ, ಮಣಿಕಟ್ಟು ಅಲುಗದಂತೆ ಸಣ್ಣ ಸುತ್ತುಗಳಲ್ಲಿ ಉಜ್ಜಬೇಕು. ಯುರೋಪಿನ ಕೆತ್ತನೆಗಾರರ ಪದ್ಧತಿಯೂ ಇದೇ ಆಗಿತ್ತು. ಪ್ಯಾರಿಸಿನ ಅಬ್ರಹಾಂ ಬಾಸ್ 1645ರಲ್ಲಿ ತಾಮ್ರದ ಕೆತ್ತನೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಉಳಿಯನ್ನು ಹರಿತಗೊಳಿಸುವ ಕ್ರಮಕ್ಕೂ ಸ್ಥಾನ ಕೊಟ್ಟಿದ್ದಾನೆ. ಅವನಿಗಿಂತ ಮೊದಲು, 1513 ಮತ್ತು 1514ರಲ್ಲಿ ಜಗತ್ಪ್ರಸಿದ್ಧವಾದ ತಾಮ್ರದ ಕೆತ್ತನೆಗಳನ್ನು ರಚಿಸಿದ ಆಲ್ಬ್ರೆಕ್ಟ್ ಡ್ಯೂರರ್, ನ್ಯೂರೆಂಬರ್ಗಿನ ಅಕ್ಕಸಾಲಿಯೊಬ್ಬನ ಮಗ. ಉಳಿ ಹಿಡಿಯುವುದನ್ನು ಕಲಿತದ್ದು ತಂದೆಯ ಅಂಗಡಿಯಲ್ಲಿ. ನಮ್ಮ ದೇಶದಲ್ಲಿಯಾದರೋ ಕುರುಂದದ ಪುಡಿಯನ್ನು ಅರಗಿನಲ್ಲಿ ಬೆರೆಸಿ ಸಾಣೆಯ ಚಕ್ರಗಳನ್ನು ಮಾಡುವ ವಿದ್ಯೆ ಬಹು ಹಿಂದಿನಿಂದ ಇತ್ತು. ಇಂಗ್ಲಿಷಿನ 'ಕೊರಂಡಂ' ಎಂಬ ಹೆಸರೇ ದ್ರಾವಿಡ ಮೂಲದ್ದು. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು, ಪೆಡಲು ತುಳಿಯುತ್ತ, ಬೀದಿಯಲ್ಲಿ ಕತ್ತರಿ-ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದವರನ್ನು ನೆನೆಯಿರಿ. ತಿರುಗುವ ಸಾಣೆ ನಮಗೆ ಹೊಸದಲ್ಲ.

ಹಾಗಾದರೆ ವಿದ್ಯುತ್ತಿನ ಸಾಣೆಯಲ್ಲಿ ಹೊಸದೇನು? ವೇಗವಲ್ಲ ಎಂಬುದೇ ಉತ್ತರ. ಕಾರ್ಖಾನೆಗಳಲ್ಲಿರುವ ಗ್ರೈಂಡರಿನ ಚಕ್ರ ನಿಮಿಷಕ್ಕೆ ಮೂರು ಸಾವಿರದ ಹತ್ತಿರ ಸುತ್ತುತ್ತದೆ. ಅದಕ್ಕೆ ಸಣ್ಣ ಉಳಿಯನ್ನು ಒಡ್ಡಿದರೆ ಕ್ಷಣದಲ್ಲಿ ಮೊನೆ ಕಾದು, ಮೊದಲು ಹುಲ್ಲಿನ ಹಳದಿಗೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ನೀಲಿಗೆ ತಿರುಗುತ್ತದೆ. ಸಾಧಾರಣ ಉಕ್ಕಾದರೆ ಅಲ್ಲಿಗೆ ಅದರ ಹದ ಹೋಯಿತು. ನೋಡಲು ಹರಿತ; ಒತ್ತಿದರೆ ಬಾಗುತ್ತದೆ. ಕೆತ್ತನೆಗಾರರ ವಿದ್ಯುತ್ ಸಾಣೆ ಇದಕ್ಕೆ ವಿರುದ್ಧ. ಅದು ನಿಧಾನವಾಗಿ ತಿರುಗುತ್ತದೆ. ಊಟದ ತಟ್ಟೆಗಿಂತ ಚಿಕ್ಕದಾದ ಚಪ್ಪಟೆ ಬಿಲ್ಲೆ ಮಲಗಿದಂತೆ ಸುತ್ತುತ್ತದೆ. ಅದರ ಮೈಗೆ ವಜ್ರದ ಪುಡಿ ಅಂಟಿದೆ. 1955ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಕೃತಕ ವಜ್ರವನ್ನು ಪ್ರಕಟಪಡಿಸಿದ ಮೇಲೆ, ಅರೆಯುವ ವಜ್ರ ಕುಶಲಕರ್ಮಿಯ ಕೈಗೆಟಕುವ ವಸ್ತುವಾಯಿತು. ಟಂಗ್‌ಸ್ಟನ್ ಕಾರ್ಬೈಡಿನ ಗಡಸು ಉಳಿಗಳನ್ನು ಕಲ್ಲಿನ ಮೇಲೆ ಉಜ್ಜಿ ಪ್ರಯೋಜನವಿಲ್ಲ. ಅವುಗಳಿಗೆ ವಜ್ರವೇ ಬೇಕು.

ಬಿಲ್ಲೆಯ ಪಕ್ಕದ ಕಂಬಕ್ಕೆ ಉಳಿಯನ್ನು ಕಚ್ಚಿಹಿಡಿಯುವ ಒಂದು ಹಿಡಿಕೆಯಿರುತ್ತದೆ. ಯಂತ್ರದ ನಿಜವಾದ ಜೀವ ಅದರಲ್ಲಿದೆ. ಅದರ ಮೇಲೆ ಡಿಗ್ರಿಯ ಗುರುತುಗಳಿವೆ. ಬೇಕಾದ ಓರೆಯನ್ನು ಗುರುತಿಗೆ ನಿಲ್ಲಿಸಿ ತಿರುಪು ಬಿಗಿದರೆ, ನೂರು ಸಲ ಸಾಣೆ ಹಿಡಿದರೂ ನೂರು ಸಲವೂ ಅದೇ ಕೋನ. ಮೊದಲು ಒರಟು ಬಿಲ್ಲೆ, ಆಮೇಲೆ ನಯವಾದದ್ದು, ಕಡೆಗೆ ಅರ್ಧ ಮೈಕ್ರಾನಿನ ವಜ್ರವನ್ನು ಸವರಿದ ಪಿಂಗಾಣಿಯ ಬಿಲ್ಲೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಉಳಿಯನ್ನು ಒಂದೇ ಕಡೆ ಇಡದೆ ಬಿಲ್ಲೆಯುದ್ದಕ್ಕೂ ಆಡಿಸಬೇಕು, ಇಲ್ಲವಾದರೆ ಬಿಲ್ಲೆಯಲ್ಲಿ ಹಳ್ಳ ಬೀಳುತ್ತದೆ. ಒಂದೆರಡು ಹನಿ ನೀರು, ಹಗುರವಾದ ಕೈ. ಹಿಮ್ಮಡಿಗಂತೂ ಎಣಿಸಿ ಎರಡು-ಮೂರು ಉಸಿರಿನಷ್ಟು ಹೊತ್ತು ಸಾಕು. ಇಂಥ ಉಪಕರಣಗಳನ್ನು ತಯಾರಿಸುವ ಹೆಸರಾಂತ ಸಂಸ್ಥೆಯೊಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿದೆ. ಅಲ್ಲಿ ಕೆತ್ತನೆಯ ತರಗತಿಗಳೂ ನಡೆಯುತ್ತ ಬಂದಿವೆ.

ಇದೆಲ್ಲವನ್ನು ಕೇಳಿ ಕೆಲವರು ತಲೆಯಾಡಿಸಬಹುದು. ಸಾಣೆ ಹಿಡಿಯುವುದೇ ಕೈಗೆ ಕೊಡುವ ಶಿಕ್ಷಣ. ಅದನ್ನು ಯಂತ್ರಕ್ಕೊಪ್ಪಿಸಿದ ಮೇಲೆ ಕೈಕೆತ್ತನೆ ಎನ್ನುವುದೇತಕ್ಕೆ ಎಂಬುದು ಅವರ ಪ್ರಶ್ನೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ವಾದದಿಂದಲ್ಲ.

ನಾನು ಅಕ್ಕಸಾಲಿಕೆಯನ್ನು ಬಿಟ್ಟು ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿಗೆ ಸೇರಿದವನು. 1996ರ ದೀಪಾವಳಿಗೆ ಊರಿಗೆ ಹೋದಾಗ, ಅಪ್ಪಯ್ಯ ಕೆತ್ತನೆಯ ಕೆಲಸವನ್ನು ನಿಲ್ಲಿಸಿ ಆರು ತಿಂಗಳಾಯಿತೆಂದು ಅಮ್ಮ ಹೇಳಿದರು. "ಕೈ ನಡುಗುತ್ತದಂತೆ, ಬಂದವರನ್ನೆಲ್ಲ ವಾಪಸು ಕಳಿಸುತ್ತಾರೆ." ಎಪ್ಪತ್ತು ದಾಟಿದ ಕೈ, ನಡುಗುವುದು ಸಹಜವೇ ಎಂದುಕೊಂಡೆ. ರಾತ್ರಿ ಸುಮ್ಮನೆ ಹಲಸಿನ ಪೆಟ್ಟಿಗೆಯನ್ನು ತೆರೆದು ಉಳಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದೊಂದರ ಮುಖವೂ ಹೊಳೆಯ ಕಲ್ಲಿನಂತೆ ಉರುಟಾಗಿತ್ತು. ಒಂದೇ ಸಮತಲವಿರಬೇಕಾದಲ್ಲಿ ಏಳೆಂಟು ಪಟ್ಟಿಗಳು. ಕಲ್ಲಿನ ಮೇಲೆ ಮಣಿಕಟ್ಟು ತೂಗಾಡಿದ ಗುರುತು ಅದು. ಆಗ ಹೊಳೆಯಿತು: ಕೆತ್ತುವಾಗ ಅಂಗೈಗೆ ಹಿಡಿಯ ಆಸರೆ, ಹೆಬ್ಬೆರಳಿಗೆ ಬೆಳ್ಳಿಯ ಆಸರೆ. ಸಾಣೆ ಹಿಡಿಯುವಾಗ ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲ. ಅವರು ಕೆತ್ತಲಾರದೆ ಕೆಲಸ ಬಿಟ್ಟವರಲ್ಲ, ಸಾಣೆ ಹಿಡಿಯಲಾರದೆ ಬಿಟ್ಟವರು. ಅವರಿಗೂ ಅದು ಗೊತ್ತಿದ್ದಿರಬೇಕು. ಹೇಳಿಕೊಳ್ಳಲು ಮನಸ್ಸು ಬಂದಿರಲಿಲ್ಲ.

ಪೆಟ್ಟಿಗೆಯ ಮೂಲೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಉಳಿಯೊಂದಿತ್ತು. ಕೈ ಚೆನ್ನಾಗಿದ್ದ ಕಾಲದಲ್ಲಿ ಸಾಣೆ ಹಿಡಿದು ಎತ್ತಿಟ್ಟದ್ದು. ಅದನ್ನು ಕೇಳಿ ತೆಗೆದುಕೊಂಡು ಬೆಂಗಳೂರಿಗೆ ಬಂದೆ. ಟೂಲ್‌ರೂಮಿನ ಅಳತೆಯ ಯಂತ್ರದಲ್ಲಿಟ್ಟು ನೋಡಿದರೆ ಮುಖ 47 ಡಿಗ್ರಿ, ಹಿಮ್ಮಡಿ 17. ಎರಡು ಬದಿಗಳ ನಡುವೆ ಅರ್ಧ ಡಿಗ್ರಿಯ ವ್ಯತ್ಯಾಸವೂ ಇರಲಿಲ್ಲ. ಯಾವ ಅಳತೆಗೋಲನ್ನೂ ಮುಟ್ಟದ ಮನುಷ್ಯನ ಕೈ ಅದು. ಹಳೆಯ ಮೋಟರೊಂದಕ್ಕೆ ರಾಟೆ ಕಟ್ಟಿ ವೇಗವನ್ನು ನಿಮಿಷಕ್ಕೆ 300 ಸುತ್ತಿಗಿಳಿಸಿ, ಹರಳು ಅರೆಯುವವರಲ್ಲಿ ಸಿಗುವ ವಜ್ರದ ಬಿಲ್ಲೆಗಳನ್ನು ತಂದು, ಉಳಿಯ ಹಿಡಿಕೆಯನ್ನು ನಾನೇ ಮಾಡಿದೆ. ಅದರಲ್ಲಿ ಡಿಗ್ರಿಯ ಗುರುತುಗಳನ್ನು ಹಾಕಲಿಲ್ಲ. ಎರಡೇ ತಡೆಗಳನ್ನಿಟ್ಟೆ: ಒಂದು 47ಕ್ಕೆ, ಒಂದು 17ಕ್ಕೆ.

ಅಪ್ಪಯ್ಯನಿಗೆ ಯಂತ್ರದ ಸದ್ದು ಹಿಡಿಸಲಿಲ್ಲ. ಎರಡು ದಿನ ಅದರ ಹತ್ತಿರ ಬರಲಿಲ್ಲ. ಮೂರನೆಯ ದಿನ ನಾನು ಸಾಣೆ ಹಿಡಿದಿಟ್ಟ ಉಳಿಯನ್ನೆತ್ತಿ, ಕೆತ್ತನೆಗಾರರೆಲ್ಲ ಮಾಡುವಂತೆ ಹೆಬ್ಬೆರಳಿನ ಉಗುರಿಗೆ ಮೆಲ್ಲಗೆ ತಾಗಿಸಿದರು. ಹರಿತವಾದ ಮೊನೆ ಉಗುರನ್ನು ಕಚ್ಚುತ್ತದೆ, ಮೊಂಡಾದದ್ದು ಜಾರುತ್ತದೆ. ಅದು ಕಚ್ಚಿತು. ಬೆಳಕಿಗೆ ಹಿಡಿದು ಮೊನೆಯನ್ನು ತಿರುಗಿಸಿ ನೋಡಿದರು. ಮುರಿದ ಮೊನೆ ಬಿಳಿಯ ಚುಕ್ಕೆಯಾಗಿ ಮಿಂಚುತ್ತದೆ, ಹರಿತವಾದದ್ದು ಮಿಂಚುವುದಿಲ್ಲ. ಅದು ಮಿಂಚಲಿಲ್ಲ. "ಮುಖ ಸರಿ. ಹಿಮ್ಮಡಿ ಉದ್ದ ಮಾಡಿದ್ದೀಯ" ಎಂದರು. ಸರಿಯಾಗಿಯೇ ಹೇಳಿದ್ದರು. ಮತ್ತೆ ಮುಖವನ್ನು ಅರೆದು, ಹಿಮ್ಮಡಿಯನ್ನು ಈ ಸಲ ಅವರೇ ಹಿಡಿದರು. ಹಿಡಿಕೆಯಲ್ಲಿ ಕೈ ನಡುಗಿದರೂ ಉಳಿ ನಡುಗಲಿಲ್ಲ. ಆಮೇಲೆ ಆರು ವರ್ಷ ಅವರು ಹೆಸರು ಕೆತ್ತಿದರು.

ಯಂತ್ರ ಮಾಡಿದ್ದೇನು, ಮಾಡದಿದ್ದುದೇನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದು ಕೋನವನ್ನು ಕಾಪಾಡಿತು. ಯಾವ ಕೋನ ಎಂಬುದನ್ನು ಹೇಳಿದ್ದು ಅಪ್ಪಯ್ಯನ ಹಳೆಯ ಕೈ. ಉಳಿ ಯಾವಾಗ ಮೊಂಡಾಯಿತು, ಹಿಮ್ಮಡಿ ಎಲ್ಲಿ ಉದ್ದವಾಯಿತು, ಈ ಬೆಳ್ಳಿಗೆ ಯಾವ ಉಳಿ ಎಂಬುದೆಲ್ಲ ಯಂತ್ರಕ್ಕೆ ತಿಳಿಯದ ಮಾತು. ಸುಲಭವಾಯಿತೆಂದು ಗಳಿಗೆಗೊಮ್ಮೆ ಅರೆಯುತ್ತಿದ್ದರೆ ಉಳಿ ಬೇಗ ಗಿಡ್ಡವಾಗುತ್ತದೆ, ಅಷ್ಟೆ. ಬೇಸರದಿಂದ ಸಾಣೆಯನ್ನು ಮುಂದೂಡುವವನಿಗೆ ಯಂತ್ರ ಪಕ್ಕದಲ್ಲಿದ್ದರೂ ಉಳಿ ಜಾರಿಯೇ ಜಾರುತ್ತದೆ. ಕಲಿಯುವವರು ಮೊದಲು ಕಲ್ಲಿನ ಮೇಲೆ ಕೈ ಆಡಿಸಲಿ, ಉರುಟಾದ ಮುಖ ಹೇಗಿರುತ್ತದೆಂದು ಕಣ್ಣಾರೆ ಕಾಣಲಿ ಎಂದು ಈಗಲೂ ಹೇಳುತ್ತೇನೆ. ಆದರೆ ಕಲಿತ ಕೈ ಸೋತಾಗ ಅದಕ್ಕೊಂದು ಆಸರೆ ಕೊಡುವುದು ಕಲೆಗೆ ಮಾಡುವ ದ್ರೋಹವೆಂದು ಹೇಳಲಾರೆ.

ಆ ಯಂತ್ರ ಈಗ ನನ್ನ ಮನೆಯಲ್ಲಿದೆ. ಬಿಲ್ಲೆಗಳನ್ನು ಹಲವು ಸಲ ಬದಲಾಯಿಸಿದ್ದೇನೆ, ಮೋಟರನ್ನು ಒಮ್ಮೆ. ಆ ಎರಡು ತಡೆಗಳನ್ನು ಮಾತ್ರ ಮುಟ್ಟಿಲ್ಲ.