ಅಧ್ಯಾಯ ಎಷ್ಟು ಉದ್ದ ಇರಬೇಕು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಓದುವ ಹವ್ಯಾಸದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕೇಳಿದ್ದೀರಿ. ನಾನು ಒಂದೇ ಸಣ್ಣ ವಿಷಯ ಹೇಳುತ್ತೇನೆ. ಕಾದಂಬರಿ ಎಂದರೆ ಅನೇಕರು ಹೆದರುವುದು ಅದರ ದಪ್ಪ ನೋಡಿ. ಆದರೆ ನಾವು ಇಡೀ ಪುಸ್ತಕವನ್ನು ಒಂದೇ ಸಲ ಓದುವುದಿಲ್ಲ, ಅಧ್ಯಾಯ ಅಧ್ಯಾಯವಾಗಿ ಓದುತ್ತೇವೆ. ಹೊಲ ಎಷ್ಟೇ ದೊಡ್ಡದಿರಲಿ, ಉಳುವವನು ಸಾಲಿನ ಕೊನೆಯಲ್ಲಿ ಎತ್ತಿಗೆ ಒಂದು ಉಸಿರು ಬಿಡಿಸುತ್ತಾನಲ್ಲವೇ? ಕಾದಂಬರಿಗೆ ಅಧ್ಯಾಯವೂ ಹಾಗೆಯೇ.

ರಷ್ಯಾದ ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ ಸಾವಿರಕ್ಕೂ ಹೆಚ್ಚು ಪುಟಗಳ ಪುಸ್ತಕ. ಹೆಸರು ಕೇಳಿದರೇ ಜನ ಹಿಂಜರಿಯುತ್ತಾರೆ. ಆದರೆ ಅದರಲ್ಲಿ 361 ಅಧ್ಯಾಯಗಳಿವೆ, ಹೆಚ್ಚಿನವು ಕೆಲವೇ ಪುಟಗಳವು. ದಿನಕ್ಕೊಂದು ಓದಿದರೆ ವರ್ಷದೊಳಗೆ ಪುಸ್ತಕ ಮುಗಿದು ನಾಲ್ಕು ದಿನ ಉಳಿಯುತ್ತದೆ!

ಇಂಗ್ಲೆಂಡಿನ ಡಿಕನ್ಸ್ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು 1860-61ರಲ್ಲಿ ತನ್ನ ವಾರಪತ್ರಿಕೆಯಲ್ಲಿ 36 ಕಂತುಗಳಾಗಿ ಪ್ರಕಟಿಸಿದ. ಅಧ್ಯಾಯಗಳು 59. ಅಂದರೆ ವಾರಕ್ಕೆ ಒಂದೋ ಎರಡೋ. ದುಡಿದು ಬಂದವನೂ ಒಂದು ಸಂಜೆಯಲ್ಲಿ ಓದಿ, ಮುಂದೇನಾಯಿತೆಂದು ಮುಂದಿನ ವಾರಕ್ಕೆ ಕಾಯಬಹುದಿತ್ತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಿಗೆ ಕಾದು ಕುಳಿತಿದ್ದ ತಾಯಂದಿರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಹಾಗೆಂದು ಅಧ್ಯಾಯ ಚಿಕ್ಕದಾದಷ್ಟೂ ಒಳ್ಳೆಯದು ಎಂದಲ್ಲ. ಮದುವೆಯ ಮನೆಯನ್ನೋ ಜಾತ್ರೆಯನ್ನೋ ವರ್ಣಿಸುವಾಗ ಎರಡೆರಡು ಪುಟಕ್ಕೆ ಕತ್ತರಿಸಿದರೆ, ಓದುಗ ಕುಳಿತುಕೊಳ್ಳುವ ಮೊದಲೇ ಎಬ್ಬಿಸಿದಂತಾಗುತ್ತದೆ. ಅಮೆರಿಕದ ಫಾಕ್ನರ್ ಒಂದು ಕಾದಂಬರಿಯಲ್ಲಿ ಐದೇ ಪದಗಳ ಅಧ್ಯಾಯ ಬರೆದ. ವರ್ಜೀನಿಯಾ ವುಲ್ಫ್ 1925ರ ‘ಮಿಸೆಸ್ ಡಾಲೊವೆ’ಯಲ್ಲಿ ಅಧ್ಯಾಯಗಳನ್ನೇ ಮಾಡಲಿಲ್ಲ. ಎರಡಕ್ಕೂ ಓದುಗರಿದ್ದಾರೆ. ಆದ್ದರಿಂದ ಅಳತೆ ಪುಟಗಳದ್ದಲ್ಲ. ಕಥೆಯಲ್ಲಿ ಏನೋ ಒಂದು ಬದಲಾದ ಜಾಗದಲ್ಲಿ ಅಧ್ಯಾಯ ನಿಲ್ಲಬೇಕು. ಆಗ ಪುಸ್ತಕ ಮುಚ್ಚಿಟ್ಟರೂ ಮನಸ್ಸು ಅಲ್ಲೇ ಇರುತ್ತದೆ.

ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರಿಗೆ ಬಸ್ಸಿಳಿದು, ದನ ಕಟ್ಟಿ, ಹೋಂವರ್ಕ್ ಮುಗಿಸಿದ ಮೇಲೆ ಉಳಿಯುವುದು ಅರ್ಧ ಗಂಟೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಒಂದೂ ಪುಸ್ತಕ ತೆರೆಯದ ಗೆಳೆಯರೂ ನಮ್ಮಲ್ಲಿದ್ದಾರೆ. ಆ ಅರ್ಧ ಗಂಟೆಗೆ ಒಂದು ಅಧ್ಯಾಯ ಸಾಕು.

ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಒಂದು ಕನ್ನಡ ಕಾದಂಬರಿಯ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ, ಅಲ್ಲಿಗೇ ನಿಲ್ಲಿಸಿ. ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ. ಮುಂದಿನ ಶನಿವಾರದವರೆಗೆ ಕಾಯಲಾರದ ಒಬ್ಬ ಹುಡುಗಿಯಾದರೂ ಅದನ್ನು ಮನೆಗೆ ಒಯ್ಯುತ್ತಾಳೆ. ಹಳೆಯ ವಿದ್ಯಾರ್ಥಿಗಳಾದ ನಾವು ಆ ಮೇಜಿಗೆ ಬೇಕಾದ ಪುಸ್ತಕಗಳನ್ನು ಕೊಡೋಣ.