ವಿಜ್ಞಾನ, ರಾಜಕಾರಣ ಮತ್ತು ಪ್ರಶ್ನಿಸುವ ಹಕ್ಕು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ಒಕ್ಕಲುತನದವರು. ಹಾಗಾಗಿ ಬೀಜದ ಮಾತಿನಿಂದಲೇ ಆರಂಭಿಸುತ್ತೇನೆ.

ಸೋವಿಯತ್ ಒಕ್ಕೂಟದಲ್ಲಿ ನಿಕೊಲಾಯ್ ವಾವಿಲೋವ್ ಎಂಬ ಸಸ್ಯವಿಜ್ಞಾನಿ ಇದ್ದರು. ದೇಶದೇಶ ಸುತ್ತಿ ಧಾನ್ಯಗಳ ತಳಿಗಳನ್ನು ಕೂಡಿಸಿ ಲೆನಿನ್‌ಗ್ರಾಡ್‌ನಲ್ಲಿ ದೊಡ್ಡ ಬೀಜಭಂಡಾರ ಕಟ್ಟಿದರು. ಅದೇ ಕಾಲಕ್ಕೆ ಟ್ರೋಫಿಮ್ ಲೈಸೆಂಕೊ ಎಂಬಾತ, ಬೀಜವನ್ನು ಚಳಿಗೊಡ್ಡಿ ಅದರ ಗುಣವನ್ನೇ ಬದಲಿಸಬಹುದು, ಆ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆ ಎಂದು ಸಾರಿದ. ತಳಿವಿಜ್ಞಾನವೇ ಸುಳ್ಳೆಂದ. ಬೇಗನೆ ಬೆಳೆ ಹೆಚ್ಚಿಸುವ ಆ ಭರವಸೆ ಸ್ಟಾಲಿನ್‌ಗೆ ಹಿಡಿಸಿತು. ಹೊಲದಲ್ಲಿ ಪರೀಕ್ಷೆಯಾಗಬೇಕಿದ್ದ ಮಾತು ದರ್ಬಾರಿನಲ್ಲಿ ತೀರ್ಮಾನವಾಯಿತು. ಒಪ್ಪದ ವಾವಿಲೋವ್ 1940ರಲ್ಲಿ ಬಂಧನಕ್ಕೊಳಗಾಗಿ, 1943ರಲ್ಲಿ ಸರಾಟೋವ್ ಜೈಲಿನಲ್ಲಿ ಸೊರಗಿ ಸತ್ತರು. ಲೆನಿನ್‌ಗ್ರಾಡಿಗೆ ಜರ್ಮನ್ ಸೈನ್ಯ ಮುತ್ತಿಗೆ ಹಾಕಿದಾಗ ಅವರ ಸಹೋದ್ಯೋಗಿಗಳಲ್ಲಿ ಹಲವರು ಭಂಡಾರದ ಕಾಳು ಮುಟ್ಟದೆ ಹಸಿವಿನಿಂದ ಪ್ರಾಣ ಬಿಟ್ಟರು. ಕಾಯಕನಿಷ್ಠೆ ಎಂದರೆ ಇದಲ್ಲವೇ? 1948ರಲ್ಲಿ ಆ ದೇಶ ತಳಿವಿಜ್ಞಾನವನ್ನೇ ಹೊರಹಾಕಿತು. ಲೈಸೆಂಕೊನ ಹಿಡಿತ ತಪ್ಪಿದ್ದು 1964ರ ನಂತರ.

ಅದು ಸರ್ವಾಧಿಕಾರ, ನಮಗೇನು ಭಯ ಎನ್ನಬಹುದು. ಪ್ರಜಾಪ್ರಭುತ್ವದಲ್ಲಿ ದೊರೆ ನಾವೇ. ಆದ್ದರಿಂದ ತಪ್ಪೂ ನಮ್ಮದೇ ಆಗಬಹುದು. ಊರ ಬಾವಿಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬುದು ಕೈ ಎತ್ತಿಸಿ ತಿಳಿಯುವ ವಿಷಯವಲ್ಲ, ಪರೀಕ್ಷಿಸಿಯೇ ತಿಳಿಯಬೇಕು. ಆದರೆ ಶುದ್ಧ ನೀರು ಮೊದಲು ಯಾವ ಓಣಿಗೆ ಎಂಬುದನ್ನು ವಿಜ್ಞಾನಿಯೊಬ್ಬನೇ ಹೇಳಲಾರ, ಊರವರು ಕೂಡಿ ತೀರ್ಮಾನಿಸಬೇಕು. ಈ ಎರಡನ್ನೂ ಕಲಸಿದರೆ ವಿಜ್ಞಾನವೂ ಕೆಡುತ್ತದೆ, ರಾಜಕಾರಣವೂ ಕೆಡುತ್ತದೆ.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿತು. 2017ರಲ್ಲಿ ಕರ್ನಾಟಕ ಮೌಢ್ಯ ನಿಷೇಧ ಕಾಯ್ದೆ ತಂದಿತು. ಆದರೆ ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಅದರಿಂದ ಹೊರಗಿಟ್ಟಿತು. ಶಾಸಕರನ್ನು ಬೈಯುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಕೊರಳಲ್ಲಿ ಇಷ್ಟಲಿಂಗ, ಮಗಳ ಮದುವೆಗೆ ಪಂಚಾಂಗ, ತಲೆಬಾಗಿಲಿಗೆ ವಾಸ್ತು, ಅಮಾವಾಸ್ಯೆಗೆ ಅಂಜಿಕೆ! ಮತದಾರನ ಈ ಮನಸ್ಸನ್ನು ರಾಜಕಾರಣಿ ಚೆನ್ನಾಗಿ ಬಲ್ಲ.

ನಮ್ಮ ಪರಂಪರೆ ಹೀಗಿರಲಿಲ್ಲ. ಬಸವಣ್ಣನವರ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಡೆದು ಕೇಳಿದಳು, ಹೆಚ್ಚಿನದನ್ನು ಮರಳಿ ಸುರಿಸಿದಳು. ಗಂಡನೆಂದು ಸುಮ್ಮನಾಗಲಿಲ್ಲ, ಬಂದದ್ದು ಮಹಾಮನೆಯಿಂದ ಎಂದೂ ಸುಮ್ಮನಾಗಲಿಲ್ಲ. ಅಂಥವಳಿಗೆ ಶರಣರ ನಡುವೆ ಸ್ಥಾನವಿತ್ತು. ಅಧಿಕಾರದ ಎದುರು ಹೀಗೆ ಕೇಳುವ ಧೈರ್ಯವೂ ಕೇಳಿಸಿಕೊಳ್ಳುವ ಸೌಜನ್ಯವೂ ಇಲ್ಲದ ಕಡೆ ವಿಜ್ಞಾನ ಬಾಳದು, ಪ್ರಜಾಪ್ರಭುತ್ವವೂ ಬಾಳದು.

ಇಂದು ನಮ್ಮ ಗೋಷ್ಠಿಗಳಲ್ಲಿ ಉಪನ್ಯಾಸ ಮುಗಿದೊಡನೆ ಮಂಗಳ ಹಾಡಿ ಪ್ರಸಾದಕ್ಕೆ ಏಳುತ್ತೇವೆ. ಪೂಜ್ಯರಲ್ಲಿ ನನ್ನದೊಂದು ಬಿನ್ನಹ: ಪ್ರತಿ ಗೋಷ್ಠಿಯ ಕೊನೆಗೆ ಕಾಲು ಗಂಟೆ ಪ್ರಶ್ನೆಗಳಿಗಿರಲಿ. ಮೊದಲ ಪ್ರಶ್ನೆ ಮಕ್ಕಳದು, ಎರಡನೆಯದು ತಾಯಂದಿರದು. ಇಂದೇ ಶುರುವಾಗಲಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಈಗಲೇ ಎದ್ದು ಹೇಳಿರಿ.